ಪರ್ಮಿಶನ್ ಶಾನಭಾಗರು

ಝೆರಾಕ್ಸ್ ಮಶೀನಿನ ಮುಚ್ಚಳದ ಸಂದಿಯಲ್ಲಿ ಹಸಿರು ಬೆಳಕು ಈ ತುದಿಯಿಂದ ಆ ತುದಿಗೆ ಹರಿಯುವಾಗ ವಾಮನ ಶಾನಭಾಗರು ಕಣ್ಣು ಮುಚ್ಚಿಕೊಳ್ಳುತ್ತಿದ್ದರು. ಬೆಳಕು ಕುಕ್ಕುತ್ತದೆ ಎಂದಲ್ಲ. ಪಕ್ಕದ ಹಿತ್ತಿಲಲ್ಲಿ ಯಾರೋ ಯಾರದೋ ತೆಂಗಿನಕಾಯಿ ಕೀಳುವುದು ಕಂಡರೆ ಮರ್ಯಾದಸ್ಥರು ಮುಖ ತಿರುಗಿಸುತ್ತಾರಲ್ಲ, ಹಾಗೆ. ಕುಮಟಾ ಬಸ್ ಸ್ಟ್ಯಾಂಡಿನ ಎದುರಿನ ಸಾಲಿನಲ್ಲಿ ಆಗ ಒಂದರ ಪಕ್ಕ ಒಂದು ಝೆರಾಕ್ಸ್ ಅಂಗಡಿಗಳಿದ್ದವು. ಪರೀಕ್ಷೆ ಹತ್ತಿರ ಬಂದರೆ ಇಡೀ ಪಠ್ಯಪುಸ್ತಕಗಳೇ ಅಲ್ಲಿ ಮರಿ ಹಾಕುತ್ತಿದ್ದವು. ಆ ದಿನಗಳಲ್ಲಿ ಶಾನಭಾಗರು ಮೀನುಪೇಟೆಯ ದಾರಿ ಹಿಡಿದು, ಒಂದು ದೊಡ್ಡ ಸುತ್ತು ಹಾಕಿ ಮನೆ ಸೇರುತ್ತಿದ್ದರು. ಮೀನಿನ ವಾಸನೆ ತಡೆಯಬಹುದು, ಟೋನರಿನ ವಾಸನೆ ತಡೆಯಲಾರೆ ಎನ್ನುವುದು ಅವರ ವಿವರಣೆ.

ಅವರು ಮುಂಬಯಿಯ ಒಂದು ಪುಸ್ತಕ ಕಂಪನಿಯಲ್ಲಿ ಆಯುಷ್ಯ ಕಳೆದು, ನಿವೃತ್ತಿಯ ನಂತರ ಹೆಂಡತಿ ಸುಮತಿಯಮ್ಮನ ಜೊತೆ ಊರಿಗೆ ಮರಳಿದವರು. ಅಲ್ಲಿ ಎಂತ ಕೆಲಸ ಮಾಡುತ್ತಿದ್ದಿರಿ ಎಂದು ನಾನು ಮೊದಲ ಸಲ ಕೇಳಿದಾಗ, "ಆಗೂದಿಲ್ಲ ಅಂತ ಬರೀತಿದ್ದೆ" ಅಂದರು.

"ಯಾರಿಗೆ?"

"ಕೇಳಿದವರಿಗೆ. ನಿಮ್ಮ ಪುಸ್ತಕದ ಈ ಪಾಠ ನಮ್ಮದರಲ್ಲಿ ಹಾಕ್ಲಾ, ಈ ಚಿತ್ರ ತಗೊಳ್ಲಾ ಅಂತ ದಿನಾ ಕಾಗದ ಬರ್ತಿತ್ತು. ಕೆಲವರಿಗೆ ಆತು ಅಂತ ಬರೀತಿದ್ದೆ. ಹೆಚ್ಚಿನವರಿಗೆ ಆಗೂದಿಲ್ಲ ಅಂತ."

"ಅದಕ್ಕೆ ಸಂಬಳವಾ?"

"ಬೋನಸ್ಸೂ ಇತ್ತು" ಎಂದು ಶಾನಭಾಗರು ಚಾದ ಲೋಟ ಕೆಳಗಿಟ್ಟರು.

ಊರಲ್ಲಿ ಅವರಿಗೆ ಪರ್ಮಿಶನ್ ಶಾನಭಾಗರು ಎಂಬ ಹೆಸರು ಬಿದ್ದದ್ದು ಈ ಕೆಲಸದಿಂದ ಮಾತ್ರವಲ್ಲ. ಅವರು ಎಲ್ಲದಕ್ಕೂ ಕೇಳುತ್ತಿದ್ದರು. ಹೋಟೆಲಿನಲ್ಲಿ ಪಕ್ಕದ ಮೇಜಿನ ಪೇಪರು ಬೇಕಾದರೆ ಕೇಳುವುದು ಸರಿ. ಪುಟ ತಿರುಗಿಸುವ ಮೊದಲೂ ಕೇಳುತ್ತಿದ್ದರು. ಒಮ್ಮೆ ನಾನು ಬನ್ಸ್ ತಿನ್ನುತ್ತ ಒಂದು ಜೋಕು ಹೇಳಿದೆ. ಅವರು ನಗುವುದು ಬಿಟ್ಟು, "ಇದನ್ನ ನಾನು ಬೇರೆಯವರಿಗೆ ಹೇಳಬಹುದಾ?" ಎಂದು ಕೇಳಿದರು. ನಾನು ಉದಾರವಾಗಿ ಒಪ್ಪಿಗೆ ಕೊಟ್ಟೆ. ಎರಡು ದಿನ ಬಿಟ್ಟು ಸಿಕ್ಕಾಗ ವರದಿ ಒಪ್ಪಿಸಿದರು: "ನಿಮ್ಮ ಜೋಕು ಹೇಳಿದೆ ನಾಯ್ಕ ಮಾಸ್ತರ್ರೆ. ನಿಮ್ಮ ಹೆಸರೂ ಹೇಳಿದೆ. ಯಾರೂ ನಗಲಿಲ್ಲ. ಹೆಸರು ಮೊದಲೇ ಹೇಳಬಾರದಿತ್ತು ಕಾಣ್ತದೆ."

ಇನ್ನು ನನ್ನ ಪರಿಚಯ. ನಾನು ಭಟ್ಕಳ ತಾಲೂಕಿನ ಬೆಳಕೆಯವನು. ಕುಮಟಾದಲ್ಲಿ ಪಿಯುಸಿ ಮಕ್ಕಳಿಗೆ ಅರ್ಥಶಾಸ್ತ್ರ ಹೇಳಿಕೊಡುತ್ತಿದ್ದೆ. ನಿಯಮದ ಪ್ರಕಾರ ನಾನು ಉಪನ್ಯಾಸಕ. ಆದರೆ ನನ್ನ ಲೆಟರ್‌ಹೆಡ್ಡಿನಲ್ಲಿ 'ಪ್ರೊ. ಎಂ. ಜಿ. ನಾಯ್ಕ' ಎಂದಿತ್ತು. ಅದನ್ನು ಅಚ್ಚು ಹಾಕಿಸುವಾಗ ಯಾರ ಪರ್ಮಿಶನ್ನನ್ನೂ ನಾನು ಕೇಳಿರಲಿಲ್ಲ. ಊರಿಗೆ ಇಂಟರ್ನೆಟ್ ಬಂದ ಮೊದಲ ವರ್ಷಗಳು ಅವು. ಪ್ರಕಾಶನೆಂಬವನ ಸೈಬರ್ ಕೆಫೆಯಲ್ಲಿ ಪ್ಲೈವುಡ್ ಗೂಡಿನೊಳಗೆ ಕೂತು, ಒಂದು ಪುಟ ತೆರೆಯುವಷ್ಟರಲ್ಲಿ ಎರಡು ಚಾ ಕುಡಿಯಬಹುದಾದ ಕಾಲ. ದಿಲ್ಲಿಯ ಒಂದು ಇಂಗ್ಲಿಷ್ ವಾರಪತ್ರಿಕೆ ತನ್ನ ಲೇಖನಗಳನ್ನು ಇಂಟರ್ನೆಟ್ಟಿನಲ್ಲಿ ಬೀಗ ಹಾಕಿ ಇಟ್ಟಿತ್ತು. ಚಂದಾ ಹಣವನ್ನು ಬ್ಯಾಂಕಿನ ಡಿಡಿಯಲ್ಲಿ ಕಳಿಸಿದರೆ ಬೀಗದ ಕೈ ಸಿಗುತ್ತಿತ್ತು. ನಾನು ಕಳಿಸಿದೆ. ಮೂರು ತಾಲೂಕಿನಲ್ಲಿ ಇಂಥ ಚಂದಾದಾರ ನಾನೊಬ್ಬನೇ ಎಂದು ನಂಬಿದ್ದೆ. ಈ ನಂಬಿಕೆ ಒಳಗೇ ಇದ್ದರೆ ಏನು ಸುಖ? ನಾಲ್ಕು ಜನರಿಗೆ ಗೊತ್ತಾಗಬೇಕಲ್ಲ.

ಆಗ ನಾವು ಕೆಲವರು ಭಾನುವಾರ ಬೆಳಿಗ್ಗೆ ಒಂದು ಪ್ರಾಥಮಿಕ ಶಾಲೆಯ ಕೋಣೆಯಲ್ಲಿ ಸೇರಿ ಓದಿದ್ದರ ಬಗ್ಗೆ ಮಾತಾಡುತ್ತಿದ್ದೆವು. ಹೊನ್ನಾವರದಿಂದ ಡಾಕ್ಟರ್ ಹೆಗಡೆ, ಭಟ್ಕಳದಿಂದ ಬಟ್ಟೆ ವ್ಯಾಪಾರಿ ಇಸ್ಮಾಯಿಲ್ ಸಾಹೇಬರು, ಕುಮಟಾದ ಕೆಲವು ಮಾಸ್ತರುಗಳು, ಬ್ಯಾಂಕಿನವರು. ಪ್ರತಿ ವಾರ ನಾನು ಒಂದು ಲೇಖನವನ್ನು ಪ್ರಿಂಟ್ ತೆಗೆಸಿ, ಕೂತವರಿಗೆಲ್ಲ ಸಾಲುವಷ್ಟು ಝೆರಾಕ್ಸ್ ಮಾಡಿಸಿ ಹಂಚತೊಡಗಿದೆ. ಬರೆದವರ ಹೆಸರು ಇರುತ್ತಿದ್ದ ಮೇಲ್ಭಾಗವನ್ನು, ಜಾಗ ಉಳಿಯಲಿ ಎಂದು, ಮಡಚಿ ಮಶೀನಿಗೆ ಇಡುತ್ತಿದ್ದೆ. ಉಳಿದ ಜಾಗದಲ್ಲಿ ನನ್ನ ದುಂಡು ಅಕ್ಷರ: 'ಸಂಗ್ರಹ: ಪ್ರೊ. ಎಂ. ಜಿ. ನಾಯ್ಕ'.

ನನ್ನ ಒತ್ತಾಯಕ್ಕೆ ಶಾನಭಾಗರು ಮೊದಲ ಸಲ ಬಂದ ಭಾನುವಾರ, ಅವರ ಕೈಗೂ ಒಂದು ಪ್ರತಿ ಕೊಟ್ಟೆ. ಅವರು ಓದಲಿಲ್ಲ. ಹಿಂದೆ ಮುಂದೆ ತಿರುಗಿಸಿ ನೋಡಿದರು.

"ಯಾರದ್ದು ಇದು?"

"ನಂದೇ."

"ನೀವು ಬರದದ್ದಾ?"

"ಅಲ್ಲ. ಚಂದಾ ನಂದು."

"ಓಹೋ. ಬಸ್ಸಿನ ಟಿಕೆಟ್ ತಗೊಂಡ್ರೂ ಹೀಗೇ ಝೆರಾಕ್ಸ್ ಮಾಡಿ ಊರಿಗೆ ಹಂಚ್ತೀರಾ?"

ಎಲ್ಲರೂ ನಕ್ಕರು. ನಾನು ಅರ್ಥಶಾಸ್ತ್ರದವನು, ಸುಮ್ಮನೆ ಬಿಡುತ್ತೇನೆಯೇ? "ಹೋಟೆಲಿನಲ್ಲಿ ಒಂದು ಪೇಪರನ್ನ ನಲವತ್ತು ಜನ ಓದೂದಿಲ್ವಾ? ನೀವೇ ಓದ್ತೀರಿ. ಅದು ತಪ್ಪಲ್ಲ, ಇದು ತಪ್ಪಾ?" ಅಂದೆ.

ಅವರು ಸಿಟ್ಟಾಗಲಿಲ್ಲ. ಕನ್ನಡಕ ತೆಗೆದು ಒರೆಸುತ್ತ ನಿಜವಾಗಿಯೂ ಯೋಚನೆ ಮಾಡಿದರು. "ಒಳ್ಳೆ ಪ್ರಶ್ನೆ" ಅಂದರು. "ಪೇಪರ್ ಒಂದೇ ಉಂಟು. ಒಬ್ಬ ಓದುವಾಗ ಇನ್ನೊಬ್ಬ ಕಾಯ್ಬೇಕು. ಕಾದು ಕಾದು ಬೇಜಾರಾಗಿ ಕಡೆಗೆ ಒಬ್ಬನಾದ್ರೂ ತಾನೇ ಒಂದು ತಗೊಳ್ತಾನೆ. ನಿಮ್ಮ ಪೈಕಿ ಯಾರೂ ಕಾಯೂದಿಲ್ಲ, ಯಾರೂ ತಗೊಳ್ಳೂದೂ ಇಲ್ಲ. ಬರದವನ ಮನೇಲಿ ಒಲೆ ಹೊತ್ತಬೇಕಲ್ಲ ಮಾರಾಯ್ರೆ." ಹೀಗೆ ಹೇಳಿ, ಪ್ರತಿಯನ್ನು ನೀಟಾಗಿ ಮಡಚಿ ನನ್ನ ಕೈಗೇ ಕೊಟ್ಟರು. ನಾನು ಅದನ್ನು ಮುಂಬಯಿಯ ಹಳೇ ಜ್ವರ ಎಂದುಕೊಂಡು ಮುಂದಿನ ವಾರ ಐದು ಪ್ರತಿ ಹೆಚ್ಚು ಮಾಡಿಸಿದೆ.

ನನ್ನ ಪ್ರತಿಗಳು ಎಲ್ಲಿಗೆ ಹೋಗುತ್ತವೆ ಎಂದು ತಿಳಿದದ್ದು ಬಸ್ ಸ್ಟ್ಯಾಂಡಿನಲ್ಲಿ. ಶೇಂಗಾ ಮಾರುವವನು ಕೊಟ್ಟ ಪೊಟ್ಟಣ ಬಿಚ್ಚಿದರೆ, ಎಣ್ಣೆ ಕುಡಿದ ಕಾಗದದ ಮೇಲೆ ನನ್ನದೇ ದುಂಡು ಅಕ್ಷರ. ಅವನ ಬುಟ್ಟಿಯಲ್ಲಿ ನೋಡಿದೆ. ಕಟ್ಟುಗಟ್ಟಲೆ ಪ್ರೊ. ಎಂ. ಜಿ. ನಾಯ್ಕರು. ನಮ್ಮ ಬಳಗದ ಯಾವ ಸದಸ್ಯರ ಮನೆಯ ರದ್ದಿಯೋ ಏನೋ. ಮಡಿಕೆ ಕೂಡ ಬಿಚ್ಚಿರಲಿಲ್ಲ. ಈ ಸಂಕಟವನ್ನು ಯಾರಿಗಾದರೂ ಹೇಳಬೇಕಿತ್ತು. ಹೋಗಿ ಹೋಗಿ ಶಾನಭಾಗರಿಗೆ ಹೇಳಿದೆ.

"ಅದರಲ್ಲಿ ಬರದವರ ಹೆಸರು ಇತ್ತಾ?" ಎಂದು ಕೇಳಿದರು.

"ಇಲ್ಲ. ನಂದು ಮಾತ್ರ."

"ಹಂಗಾರೆ ಮರ್ಯಾದೆ ಹೋದದ್ದು ನಿಮ್ಮದು ಮಾತ್ರ. ಒಳ್ಳೇದಾತು."

ಬುದ್ಧಿ ಬಂತು, ಆದರೆ ಬೇಡದ ಕಡೆಯಿಂದ. ಕಾಗದ ಹಂಚಿದರೆ ತಾನೇ ಶೇಂಗಾ ಕಟ್ಟುವುದು, ಬೀಗದ ಕೈಯನ್ನೇ ಹಂಚಿದರೆ? ಡಾಕ್ಟರ್ ಹೆಗಡೆಗೂ ಇಸ್ಮಾಯಿಲ್ ಸಾಹೇಬರಿಗೂ ನನ್ನ ಪಾಸ್‌ವರ್ಡ್ ಕೊಟ್ಟೆ. ಅವರು ತಮ್ಮ ಸ್ನೇಹಿತರಿಗೆ ಕೊಟ್ಟರು. ಪಾಸ್‌ವರ್ಡ್ ಯಾವುದೆಂದರೆ, ನನ್ನ ಹೆಸರೇ. ಓದಬೇಕಾದವರು ಮೊದಲು ನನ್ನ ಹೆಸರು ಒತ್ತಲಿ ಎಂಬ ಆಸೆ. ಕುಮಟಾ, ಹೊನ್ನಾವರ, ಭಟ್ಕಳದ ಕೀಲಿಮಣೆಗಳ ಮೇಲೆ ಏಕಕಾಲಕ್ಕೆ ನನ್ನ ನಾಮಜಪ ನಡೆಯುತ್ತಿದೆ ಎಂದು ನೆನೆದು ತರಗತಿಯಲ್ಲಿ ಪಾಠದ ನಡುವೆ ನಾನೊಬ್ಬನೇ ನಗುತ್ತಿದ್ದೆ.

ಒಂದು ಮಧ್ಯಾಹ್ನ ಕೆಫೆಯಲ್ಲಿ ಕೂತು ತೆರೆದರೆ ಬೀಗ ತೆರೆಯಲಿಲ್ಲ. ಬದಲಿಗೆ ಒಂದು ಇಮೇಲ್ ಬಂದಿತ್ತು. ಒಂದು ಚಂದಾ ಒಬ್ಬರ ಓದಿಗೆ ಮಾತ್ರ; ನಿಮ್ಮ ಖಾತೆಯನ್ನು ಹಲವು ಕಂಪ್ಯೂಟರುಗಳಲ್ಲಿ ಒಂದೇ ಹೊತ್ತಿಗೆ ಬಳಸಲಾಗಿದೆ; ವಿವರಣೆ ಕೊಡಿ, ಕೊಡದಿದ್ದರೆ ಕಾನೂನಿನ ಕ್ರಮ ಅನಿವಾರ್ಯ. ಕಾಲೇಜಿಗೆ ಪೊಲೀಸರು ಬರುವುದು, ಪ್ರಿನ್ಸಿಪಾಲರು ಕನ್ನಡಕದ ಮೇಲಿಂದ ನೋಡುವುದು, ಪೇಪರಿನಲ್ಲಿ 'ಪ್ರೊಫೆಸರ್ ಎಂದು ಹೇಳಿಕೊಳ್ಳುತ್ತಿದ್ದ ಉಪನ್ಯಾಸಕ' ಎಂದು ಬರುವುದು ಎಲ್ಲ ಕಣ್ಣೆದುರು ಸುಳಿಯಿತು. ಕಡೆಯದೇ ಹೆಚ್ಚು ಹೆದರಿಸಿತು. ಕರವಸ್ತ್ರ ತೆಗೆದು ಕೀಲಿಮಣೆಯನ್ನು ಗಸಗಸ ಒರೆಸಿದೆ, ಬೆರಳಚ್ಚು ಉಳಿಯಬಾರದಲ್ಲ.

"ಎಂತ ಸರ್, ಚಾ ಚೆಲ್ತಾ?" ಎಂದು ಪ್ರಕಾಶ ಓಡಿ ಬಂದ.

ಅಲ್ಲಿಂದ ಸೀದಾ ಶಾನಭಾಗರ ಮನೆ. ಅವರು ಆರಾಮ ಕುರ್ಚಿಯಲ್ಲಿ ತೂಕಡಿಸುತ್ತಿದ್ದರು. ನಾನು ಮೊದಲ ವಾಕ್ಯ ಮುಗಿಸುವುದರೊಳಗೆ ಎದ್ದು ಕೂತರು.

"ನೋಟೀಸ್ ಬಂದದ್ದಾ? ಬರಹದಲ್ಲಿ? ಎಲ್ಲಿ, ಕೊಡಿ ಕಾಣುವಾ. ಸುಮತೀ, ನನ್ನ ಕನ್ನಡಕ!"

ನನ್ನ ಜೀವ ಹೋಗುತ್ತಿತ್ತು, ಅವರ ಮುಖ ಮೊಮ್ಮಗು ಹುಟ್ಟಿದ ಸುದ್ದಿ ಬಂದ ಹಾಗೆ ಅರಳಿತ್ತು. ಊರಿಗೆ ಬಂದ ಮೇಲೆ ಅವರ ಕೆಲಸ ಬೇಕಾಗಿ ಅವರ ಮನೆ ಮೆಟ್ಟಿಲು ಹತ್ತಿದ ಮೊದಲ ಮನುಷ್ಯ ನಾನು. ಸುಮತಿಯಮ್ಮ ಕನ್ನಡಕದ ಜೊತೆ ನನಗೊಂದು ಲೋಟ ನೀರೂ ತಂದು, "ಹೆದರಬೇಡಿ. ಇವರು ಪರ್ಮಿಶನ್ ಇಲ್ಲದೆ ಕೊಡೂದು ಒಂದೇ, ಉಪದೇಶ. ಕೇಳಿಸ್ಕೊಳ್ಳಿ, ಪಾರಾಗ್ತೀರಿ" ಅಂದರು.

ದಾರಿಯಲ್ಲೇ ಮನಸ್ಸಿನಲ್ಲಿ ಬರೆದುಕೊಂಡಿದ್ದ ಉತ್ತರವನ್ನು ಅವರಿಗೆ ಒಪ್ಪಿಸಿದೆ. ಜ್ಞಾನವೆಂಬುದು ಗಂಗೆಯಂತೆ ಹರಿಯತಕ್ಕದ್ದು, ಅದಕ್ಕೆ ಅಣೆಕಟ್ಟು ಕಟ್ಟುವುದು ಸಲ್ಲದು, ಹಿಂದುಳಿದ ಕರಾವಳಿಯ ಮೂಲೆಯಲ್ಲಿ ನಾನೊಬ್ಬ ದೀಪ ಹಿಡಿದು...

"ಗಂಗೆ ಎಂತಕ್ಕೆ?" ಎಂದು ಅವರು ತಡೆದರು. "ಅವರು ಕೇಳಿದ್ದು ಎಷ್ಟು ಕಂಪ್ಯೂಟರ್ ಅಂತ."

"ಮತ್ತೆ ಎಂತ ಬರೀಲಿ?"

"ಮಾಡಿದ್ದು ಹೌದು ಅಂತ ಬರೀರಿ. ನಿಯಮ ಓದಿರಲಿಲ್ಲ, ಇನ್ನು ಪಾಸ್‌ವರ್ಡ್ ಯಾರಿಗೂ ಕೊಡೂದಿಲ್ಲ ಅಂತ ಬರೀರಿ. ಆಮೇಲೆ ಕೇಳಿ."

"ಕ್ಷಮೆಯಾ?"

"ಅದು ಹೆಂಗೂ ಕೇಳ್ಬೇಕು. ಮತ್ತೆ ಪರ್ಮಿಶನ್ ಕೇಳಿ. ನಾವು ಇಷ್ಟು ಜನ, ದುಡ್ಡು ತಗೊಳ್ಳೂದಿಲ್ಲ, ಓದಿ ಮಾತಾಡ್ತೇವೆ, ಪ್ರತಿ ಮಾಡಬಹುದಾ? ಕೇಳದೇ ಇದ್ದವರಿಗೆ ಎಂತ ಸಿಗ್ತದೆ? ನೋಟೀಸ್ ಸಿಗ್ತದೆ."

ಇದಿಷ್ಟು ಬರೆಯಲು ಒಂದಿಡೀ ಶನಿವಾರ ಹಿಡಿಯಿತು. ಶಾನಭಾಗರು ಒಂದು ಶಬ್ದ ಹೊಡೆದುಹಾಕಿ ಇನ್ನೊಂದು ಹಾಕುವುದು, ಮತ್ತೆ ಮೊದಲಿನದನ್ನೇ ತರುವುದು, ಹಾಗೇ ನಡೆಯಿತು. ಇಮೇಲ್ ಸಾಕೆಂದರೆ ಕೇಳದೆ, ರಿಜಿಸ್ಟರ್ ಅಂಚೆಯಲ್ಲೂ ಹೋಗಬೇಕೆಂದು ಹಟ ಹಿಡಿದರು. ಕಡೆಗೆ ನಮಗೊಂದು ಆಫೀಸ್ ಕಾಪಿ ಬೇಕು ಅಂದರು. ಹಾಗಾಗಿ ನಾವಿಬ್ಬರೂ ಬಸ್ ಸ್ಟ್ಯಾಂಡಿನ ಎದುರಿನ ಸಾಲಿಗೇ ಹೋಗಿ ನಿಂತೆವು. ಹಸಿರು ಬೆಳಕು ಹರಿಯಿತು, ಇವರು ಕಣ್ಣು ಮುಚ್ಚಿದರು.

"ನಮ್ಮದೇ ಬರಹ ಶಾನಭಾಗ್ರೆ, ಕಣ್ಣು ಬಿಡಿ."

"ಗೊತ್ತುಂಟು. ರೂಢಿ" ಅಂದರು, ಮುಚ್ಚಿಕೊಂಡೇ.

ಉತ್ತರ ಬರುವವರೆಗೆ ನನ್ನ ತೂಕ ಇಳಿಯಿತು. ಬರೆದದ್ದು ದಿಲ್ಲಿಯ ಆ ಪತ್ರಿಕೆಯ ಒಬ್ಬ ಹೆಂಗಸು. ಹೊಸ ಪಾಸ್‌ವರ್ಡ್ ಕೊಟ್ಟಿದ್ದೇವೆ, ಅದು ನಿಮ್ಮೊಬ್ಬರಿಗೇ. ನಿಮ್ಮ ಬಳಗಕ್ಕೆ ತಿಂಗಳಿಗೆ ಒಂದು ಲೇಖನ ಪ್ರತಿ ಮಾಡಬಹುದು, ಯಾವುದೆಂದು ಮೊದಲು ತಿಳಿಸಿ, ಬರೆದವರ ಮತ್ತು ಪತ್ರಿಕೆಯ ಹೆಸರು ಮೇಲೆ ಇರಲಿ. ಉಳಿದ ಲೇಖನಗಳನ್ನು ಓದಿ ಅದರ ವಿಷಯವನ್ನು ನಿಮ್ಮ ಸ್ವಂತ ಮಾತಿನಲ್ಲಿ ಹೇಳಿಕೊಳ್ಳಲು ನಮ್ಮ ಅನುಮತಿಯೇ ಬೇಕಾಗಿಲ್ಲ. ಕೊನೆಯಲ್ಲಿ, ಇಷ್ಟು ಒಪ್ಪವಾದ ಕೋರಿಕೆ ಪತ್ರವನ್ನು ನಾವು ಇತ್ತೀಚೆಗೆ ಕಂಡಿಲ್ಲ ಎಂಬ ಒಂದು ಸಾಲು. ಆ ಸಾಲನ್ನು ಶಾನಭಾಗರು ಮೂರು ಸಲ ಓದಿಸಿಕೊಂಡರು.

"ಸ್ವಂತ ಮಾತಿನಲ್ಲಿ ಹೇಳಬಹುದು ಅನ್ನೂದು ನಿಮಗೆ ಮೊದಲೇ ಗೊತ್ತಿತ್ತಾ?" ಎಂದೆ.

"ಗೊತ್ತಿತ್ತು. ಸುದ್ದಿಗೆ, ವಿಷಯಕ್ಕೆ ಯಾರೂ ಬೇಲಿ ಹಾಕೂಕೆ ಆಗೂದಿಲ್ಲ. ಬರದ ರೀತಿ ಬರದವನದ್ದು."

"ಮತ್ತೆ ಇಷ್ಟು ದಿನ ಹೇಳಲಿಲ್ಲ?"

"ನೀವು ಕೇಳಲಿಲ್ಲ."

ವಾರವಾರದ ಝೆರಾಕ್ಸ್ ನಿಂತದ್ದೇ ತಡ, ಭಾನುವಾರಕ್ಕೆ ಬರುವವರು ಅರ್ಧಕ್ಕರ್ಧ ಕಡಿಮೆಯಾದರು. ಕೆಲವರು ರದ್ದಿಗಾಗಿಯೇ ಬರುತ್ತಿದ್ದರೆಂದು ಕಾಣುತ್ತದೆ. ಉಳಿದವರಿಗೆ ನಾನು ಲೇಖನ ಹೇಳತೊಡಗಿದೆ. 'ಪ್ರಸ್ತುತ ಸಂದರ್ಭದಲ್ಲಿ' ಎಂದು ಶುರು ಮಾಡುತ್ತಿದ್ದೆ. ಇಸ್ಮಾಯಿಲ್ ಸಾಹೇಬರು ಗಡಿಯಾರ ನೋಡಲು ಶುರು ಮಾಡುತ್ತಿದ್ದರು. ಒಂದು ವಾರ ನನಗೆ ಜ್ವರ. ನಾನು ಬಾಯಲ್ಲಿ ಹೇಳಿದ್ದನ್ನು ಕೇಳಿಕೊಂಡು ಹೋಗಿ ಶಾನಭಾಗರೇ ಹೇಳಿದರು. ಆಮೇಲೆ ಯಾರೂ ನನ್ನ ಆರೋಗ್ಯ ಸುಧಾರಿಸಲಿ ಎಂದು ಬಯಸಿದ ಹಾಗೆ ಕಾಣಲಿಲ್ಲ.

ಅಲ್ಲಿಂದ ಅವರೇ ನಮ್ಮ ಬಾಯಿ. ನಾನು ಓದಿ ಅವರಿಗೆ ವಿಷಯ ಹೇಳುವುದು, ಅವರು ವಾರವಿಡೀ ಮೆಲುಕು ಹಾಕಿ ಭಾನುವಾರ ಹೇಳುವುದು. ಬೆಳಕೆಗೂ ಒಮ್ಮೆ ಕರೆದುಕೊಂಡು ಹೋದೆ. ಬೇರೆ ದೇಶದ ಸಮುದ್ರದಲ್ಲಿ ಮೀನು ತೀರಿಹೋಗಿ, ಅಲ್ಲಿನವರು ಕೆಲವು ವರ್ಷ ಬಲೆಯನ್ನೇ ಇಳಿಸದೆ ಕೂತರೆಂಬ ಲೇಖನ. ನಮ್ಮ ಕೇರಿಯ ದೋಣಿ ನಿಲ್ಲುವ ದಕ್ಕೆಯ ಹತ್ತಿರ, ಬಲೆ ಹೊಲಿಯುತ್ತ ಕೂತವರ ನಡುವೆ ಅವರು ಒಂದು ಮಗುಚಿದ ಬುಟ್ಟಿಯ ಮೇಲೆ ಕೂತರು.

"ಇದು ನಂದಲ್ಲ" ಎಂದು ಮೊದಲೇ ಹೇಳಿ, ಬರೆದವರ ಹೆಸರು ಹೇಳಿದರು. "ಚಲೋ ಇದ್ರೆ ಅವರದ್ದು. ತಪ್ಪಿದ್ರೆ ಹೇಳಿದ ನಂದು." ಆಮೇಲೆ ಶುರು ಮಾಡಿದರು. ಕೊಂಕಣಿ, ಮರಾಠಿ, ನಮ್ಮ ಕನ್ನಡ ಎಲ್ಲ ಕಲಸಿಕೊಂಡ ಮಾತು. ನಮ್ಮ ಮಾಸ್ತಿಯಣ್ಣ ಸೂಜಿ ನಿಲ್ಲಿಸಿ, "ಬಲೆ ಇಳಿಸದೇ ಇದ್ರೆ ಉಂಡದ್ದು ಎಂತದ್ದು ಅವ್ರು?" ಎಂದು ಕೇಳಿದ. ಲೇಖನದಲ್ಲಿ ಅದಕ್ಕೆ ಉತ್ತರವಿರಲಿಲ್ಲ. "ಬರದವ ಅದನ್ನ ಬರೀಲಿಲ್ಲ. ಕೇಳ್ಬೇಕಿತ್ತು ಅವ" ಎಂದು ಶಾನಭಾಗರು ಒಪ್ಪಿಕೊಂಡರು. ಹೊತ್ತು ಇಳಿಯುವವರೆಗೂ ಅಲ್ಲಿ ಜಗಳದಂಥ ಚರ್ಚೆ ನಡೆಯಿತು. ಅರ್ಥಶಾಸ್ತ್ರವನ್ನು ನಾನು ಇಪ್ಪತ್ತು ವರ್ಷ ಪಾಠ ಮಾಡಿದರೂ ಅಂಥ ಒಂದು ಪ್ರಶ್ನೆ ನನ್ನ ತರಗತಿಯಲ್ಲಿ ಹುಟ್ಟಿಲ್ಲ.

ಕೆಲವು ವರ್ಷ ಹೀಗೆ ನಡೆಯಿತು. ಆಮೇಲೆ ಸಕ್ಕರೆ ಕಾಯಿಲೆ ಅವರ ಕಣ್ಣಿಗೆ ಇಳಿಯಿತು. ಪೇಪರಿನ ತಲೆಬರಹ ಕೂಡ ಮಸುಕಾಯಿತು. ಮುಂಬಯಿಯಲ್ಲಿ ತಮ್ಮನ ಮನೆಯಲ್ಲಿದ್ದು ಚಿಕಿತ್ಸೆ ಮಾಡಿಸುವುದೆಂದಾಯಿತು. ಕುಮಟಾ ಸ್ಟೇಶನ್ನಿಗೆ ನಾನೂ ಹೋದೆ. ಸಂಜೆಯ ಗಾಡಿ ತಡವಾಗಿತ್ತು. ಕಲ್ಲು ಬೆಂಚಿನ ಮೇಲೆ ನಾವು ಮೂವರು. ಆ ವಾರದ ಲೇಖನವನ್ನು ನಾನು ಕಿಸೆಯಿಂದ ತೆಗೆದು ಬಿಡಿಸಿದೆ. ಕಾಗದದ ಸದ್ದು ಅವರಿಗೆ ಕೇಳಿಸಿತು.

"ಓದಬೇಡಿ, ಹೇಳಿ" ಅಂದರು.

ಒಂದು ದ್ವೀಪದ ದೀಪಸ್ತಂಭದ ಕಾವಲುಗಾರನ ಕಥೆ ಅದು. ದೀಪ ತಾನೇ ಹೊತ್ತಿ ತಾನೇ ಆರುವ ಯಂತ್ರ ಬಂತು, ಇನ್ನು ನೀನು ಬೇಡ ಎಂದು ಅವನಿಗೆ ಹೇಳಿದರು. ನಾನು 'ಪ್ರಸ್ತುತ ಸಂದರ್ಭ' ಬಿಟ್ಟು, ಹೇಗೆ ಬಂತೋ ಹಾಗೆ ಹೇಳಿದೆ. ಅವನು ಗೋಡೆಗೆ ಕೊನೆಯ ಸಲ ಸುಣ್ಣ ಬಳಿದದ್ದು, ಯಾರೂ ಹೇಳದಿದ್ದರೂ ಗಾಜು ಒರೆಸಿದ್ದು, ಅವನ ಬೆಕ್ಕು ದೋಣಿ ಹತ್ತಲು ಸತಾಯಿಸಿದ್ದು. ಶಾನಭಾಗರು ತಲೆ ಬಗ್ಗಿಸಿ ಕೇಳುತ್ತಿದ್ದರು. ಕಾವಲುಗಾರ ದೋಣಿ ಹತ್ತಿ ಹಿಂತಿರುಗಿ ನೋಡುವಲ್ಲಿಗೆ ಬಂದಿದ್ದೆ, ಗಾಡಿ ಬಂದುಬಿಟ್ಟಿತು. ಸಾಮಾನು, ಗಡಿಬಿಡಿ, ಸುಮತಿಯಮ್ಮನನ್ನು ಹತ್ತಿಸುವುದು. ಗಾಡಿ ಅಲುಗಿದ ಮೇಲೆ ಕಿಟಕಿಯಿಂದ ಅವರ ಮುಖ ಹೊರಬಂತು. ನಾನು ನಿಂತ ಕಡೆಗಲ್ಲ, ಸ್ವಲ್ಪ ಆಚೆಗೆ ನೋಡುತ್ತ ಕೂಗಿದರು:

"ಮುಂದೆ ಎಂತಾತು, ಮಾಸ್ತರ್ರೆ?"

"ಬಂದ ಮೇಲೆ ಹೇಳ್ತೇನೆ!" ಎಂದು ನಾನೂ ಕೂಗಿದೆ.

ಫೋನಿನಲ್ಲಿ ಹೇಳಬಹುದಿತ್ತು. ಆದರೆ ಜೀವಮಾನದಲ್ಲಿ ಮೊದಲ ಸಲ ಒಬ್ಬರು ನಾನು ಹೇಳಿದ್ದರ ಮುಂದಿನ ಭಾಗ ಕೇಳಿದ್ದರು. ಆ ಸುಖವನ್ನು ಎದುರಿಗೆ ಕೂತೇ ಅನುಭವಿಸಬೇಕೆಂದು ಕಾಯ್ದಿರಿಸಿದೆ. ಬಸ್ಸಿನಲ್ಲಿ ಹೋಗುವಾಗ ಬರುವಾಗ ಅದನ್ನೇ ಅಭ್ಯಾಸ ಮಾಡುತ್ತಿದ್ದೆ. ಶಾನಭಾಗರು ಬರಲಿಲ್ಲ. ಕಣ್ಣಿಗೆಂದು ಸೇರಿದ ಆಸ್ಪತ್ರೆಯಲ್ಲೇ ಹೃದಯ ನಿಂತಿತು.

ಮಳೆಗಾಲ ಕಳೆದ ಮೇಲೆ ಸುಮತಿಯಮ್ಮ ಕುಮಟಾದ ಬಾಡಿಗೆ ಮನೆ ಖಾಲಿ ಮಾಡಲು ಬಂದರು. ನಾನು ಹೋದಾಗ ಚಾ ಮಾಡಿದರು. ಆಮೇಲೆ ಅವರೇ ಕೇಳಿದರು.

"ಆ ದೀಪದ ಮನುಷ್ಯ ಎಂತಾದ?"

ನಾನು ಲೋಟ ಕೆಳಗಿಟ್ಟೆ.

"ಇವರು ಆಸ್ಪತ್ರೇಲಿ ನರ್ಸುಗಳಿಗೆಲ್ಲ ಆ ಕಥೆ ಹೇಳ್ತಿದ್ರು. ಕಡೆಗೆ ಎಂತಾತು ಅಂತ ಆ ಹುಡುಗೇರು ಕೇಳೂದು. ಅದಕ್ಕೆ ಇವರು ಹೇಳೂದು, ಅವ ಪೇಟೆಗೆ ಹೋಗಿ ಮಗಳ ಮನೇಲಿ ಇದ್ದನಂತೆ. ಒಂದಿನ ಮೀನಿನವರು ದೋಣಿ ತಕೊಂಡು ಅವನನ್ನ ಕರೀಲಿಕ್ಕೆ ಬಂದರಂತೆ. ದೀಪ ಚಲೋ ಹೊತ್ತುತ್ತದೆ, ಅದಕ್ಕೆಂತ ಆಗಲಿಲ್ಲ, ಆದರೆ ನಾವು ದೋಣಿಯಿಂದ ರೇಡಿಯೋದಲ್ಲಿ ಕರದ್ರೆ ಓ ಅನ್ನೂಕೆ ಅಲ್ಲಿ ಯಾರೂ ಇಲ್ಲ, ನೀ ಬಾ ಅಂದರಂತೆ. ಅವ ಬೆಕ್ಕಿನ ಜೊತೆ ವಾಪಸ್ ಹೋದನಂತೆ." ಸುಮತಿಯಮ್ಮ ಸೆರಗಿನಿಂದ ಮೂಗು ಒರೆಸಿಕೊಂಡರು. "ಅದು ಬರದದ್ದಾ, ಇಲ್ಲ ಇವರು ಮಾಡ್ಕೊಂಡು ಹೇಳಿದ್ದಾ?"

ಲೇಖನದಲ್ಲಿ ಆ ಕಾವಲುಗಾರ ಕೀಲಿ ಒಪ್ಪಿಸಿ, ಪೇಟೆಯ ಮೂರನೇ ಮಹಡಿಯ ಒಂದು ಕೋಣೆಯಲ್ಲಿ ದಿನವಿಡೀ ಟೀವಿ ನೋಡುತ್ತ ಕೂತಿದ್ದ. ಅಲ್ಲಿಗೆ ಮುಗಿದಿತ್ತು.

"ಬರದದ್ದೇ" ಅಂದೆ. "ಅದೇ ಆತು ಸುಮತಿಯಮ್ಮ. ಅವರು ಹೇಳಿದ ಹಾಗೇ ಆತು."